ಕವಣೆಗೆ ಎಷ್ಟು ದಾಳ?

ಹೋದ ವರ್ಷ ಆಷಾಢದ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೇ ಲೈಟು ಹಾಕಿಕೊಂಡು ಕೂತಿದ್ದೆವು. ಚಿಕ್ಕಮಗಳೂರಿನ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ದಾಳ ಉರುಳಿಸಿ ಕತೆ ನಡೆಸುವ ನಮ್ಮ ಆಟಕ್ಕೆ ಊಟದ ಮೇಜಿನ ಮೇಲೆ ಚೌಕುಳಿ ಹಾಳೆ ಹಾಸಿತ್ತು. ಅದರ ಮೇಲೆ ಶತ್ರುಗಳಿಗೆ ಒಂದೊಂದು ಹುಣಸೆ ಬೀಜ, ನಮ್ಮವರಿಗೆ ಒಂದೊಂದು ಕಾಫಿ ಬೀಜ. ಅವತ್ತು ಹೊಸದಾಗಿ ಆಟಕ್ಕೆ ಸೇರಿದವಳು ಪಿಯುಸಿ ಓದುವ ನಮ್ಮಕ್ಕನ ಮಗಳು. ತನ್ನ ಪಾತ್ರ ಕುರಿ ಕಾಯುವ ಹುಡುಗಿ, ಹೆಸರು ಕೆಂಚಿ ಎಂದು ಮನೆಯಲ್ಲೇ ಬರೆದುಕೊಂಡು ಬಂದಿದ್ದಳು. ಯಾವ ಆಯುಧ ಬೇಕಮ್ಮ ಅಂತ ಕೇಳಿದೆ.

"ಕತ್ತಿಗಿತ್ತಿ ಬೇಡ ಮಾವ. ಊರಲ್ಲಿ ದೊಡ್ಡ ತಾತನ ಹತ್ರ ಇದೆಯಲ್ಲ, ಆ ಥರದ ಕವಣೆ ಕೊಡಿ."

ಆಟದ ನಿಯಮಗಳ ಪುಸ್ತಕ ತೆಗೆದು ನೋಡಿದೆ. ಕವಣೆಯ ಪೆಟ್ಟು ನಾಲ್ಕು ಮುಖದ ಒಂದು ದಾಳ. 30 ಅಡಿವರೆಗೆ ಸಲೀಸು, 120 ಅಡಿವರೆಗೆ ಕಷ್ಟಪಟ್ಟು. ಬೆಲೆ ಒಂದು ಬೆಳ್ಳಿ ನಾಣ್ಯ. ಓದಿ ಹೇಳಿದ ಕೂಡಲೇ ಅವಳ ಮುಖ ಸಪ್ಪಗಾಯಿತು. ಅದೇ ಪುಟದಲ್ಲಿ ಬಾಕುವಿಗೂ ನಾಲ್ಕು ಮುಖದ ದಾಳವೇ ಇತ್ತು. "ತಾತ ಹೊಡೆದ ಕಲ್ಲು ತೋಟ ದಾಟಿ ಹೋಗುತ್ತೆ. ಇದರಲ್ಲಿ ಚಾಕು ಎಸೆದಷ್ಟೇನಾ ಮಾವ?" ಅಂದಳು.

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟ ನಡೆಸುವವನು ನಾನು, ನಿಯಮ ಬದಲಿಸುವ ಹಕ್ಕೂ ನನ್ನದೇ. ಆದರೆ ಯಾವುದನ್ನು ಬದಲಿಸಬೇಕು, ಯಾಕೆ ಬದಲಿಸಬೇಕು ಅಂತ ಗೊತ್ತಿಲ್ಲದೆ ಸಂಖ್ಯೆ ಏರಿಸಿದರೆ ಅದು ಮಗುವನ್ನು ಸಮಾಧಾನ ಮಾಡಿದ ಹಾಗಾಗುತ್ತದೆ ಅಷ್ಟೇ. ಕವಣೆಗೆ ನ್ಯಾಯ ಮಾಡಿದ ಹಾಗಾಗುವುದಿಲ್ಲ. ಅಂದಿನಿಂದ ಒಂದು ವರ್ಷ ಈ ಎಸೆಯುವ ಸಾಮಾನುಗಳ ಹಿಂದೆ ಬಿದ್ದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದರು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಹೊಡೆತ ತಗುಲಿತೋ ಇಲ್ಲವೋ ಎಂದು 20 ಮುಖದ ದಾಳ ಹೇಳುತ್ತದೆ, ತಗುಲಿದ್ದರೆ ಎಷ್ಟು ಪೆಟ್ಟು ಅಂತ ಆಯುಧದ ದಾಳ ಹೇಳುತ್ತದೆ. ಒಂದು ಸುತ್ತು ಅಂದರೆ ಕತೆಯೊಳಗಿನ 6 ಸೆಕೆಂಡು. ಕಷ್ಟದ ಹೊಡೆತಕ್ಕೆ 20 ಮುಖದ ದಾಳವನ್ನು ಎರಡು ಸಲ ಉರುಳಿಸಿ, ಕಡಿಮೆ ಬಿದ್ದದ್ದನ್ನೇ ಇಟ್ಟುಕೊಳ್ಳಬೇಕು. ನಾವು ಇದಕ್ಕೆ ಹಿನ್ನಡೆ ಅನ್ನುತ್ತೇವೆ. ನಮ್ಮ ಮನೆಯಲ್ಲಿ ನಡೆಯುವುದು 2014ರಲ್ಲಿ ಬಂದ ಐದನೇ ಆವೃತ್ತಿ. ಅಜ್ಜಿಯ ಜೊತೆ ಕವಡೆ ಹಿಡಿದು ಚೌಕಾಬಾರ ಆಡಿದವರಿಗೆ ಈ ಆಟದ ತವಕ ಬೇಗ ಹತ್ತುತ್ತದೆ. ಅಲ್ಲಿ ಗರ ಬಿದ್ದರೆ ಕಾಯಿ ನಡೆಯುತ್ತದೆ, ಇಲ್ಲಿ ಕತೆ ನಡೆಯುತ್ತದೆ.

ಮಳೆ ಬಿಟ್ಟ ಮೇಲೆ, ದಸರಾ ರಜೆಯಲ್ಲಿ, ಅವಳನ್ನು ಕರೆದುಕೊಂಡು ಊರಿಗೆ ಹೋದೆ. ನಮ್ಮೂರು ಸಖರಾಯಪಟ್ಟಣದ ಕಡೆ. ಚಿಕ್ಕಮಗಳೂರಿನಿಂದ ಕಡೂರು ರಸ್ತೆ ಹಿಡಿದು ಇಳಿಯುತ್ತಾ ಹೋದರೆ ಕಾಫಿ, ಮೆಣಸು, ಮಂಜು ಎಲ್ಲಾ ಹಿಂದೆ ಉಳಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ನಾಡು. ಅಲ್ಲಿ ತೆಂಗಿನ ತೋಟ, ರಾಗಿ ಹೊಲ, ಕುರಿ ಮಂದೆ. ಅವಳು ಹೇಳಿದ ದೊಡ್ಡ ತಾತ, ಅಂದರೆ ನನ್ನ ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಜೋಳದ ಹೊಲದ ಬದುವಿನಲ್ಲಿ ಅಟ್ಟ ಕಟ್ಟಿಕೊಂಡು ಹಕ್ಕಿ ಕಾದವರು. ಗಿಳಿ ಹಿಂಡು ಬಂದು ತೆನೆ ಮೇಲೆ ಕೂತರೆ ಒಂದು ಹೊತ್ತಿನಲ್ಲಿ ಒಂದು ಸಾಲು ಮುಗಿಯಿತು ಅಂತ ಲೆಕ್ಕವಂತೆ.

ಕವಣೆಯನ್ನು ಅವರು ಅಟ್ಟದ ಮೇಲಿನ ಬುಟ್ಟಿಯಿಂದ ತೆಗೆದುಕೊಟ್ಟರು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಕತ್ತಾಳೆ ನಾರನ್ನು ಜಡೆಯ ಹಾಗೆ ಹೆಣೆದ ಎರಡು ಎಳೆ, ನಡುವೆ ಅಂಗೈ ಅಗಲದ, ಒತ್ತಾಗಿ ನೇಯ್ದ ಜಾಗ. ಕಲ್ಲು ಕೂರುವುದು ಅಲ್ಲಿ. ಒಂದು ಎಳೆಯ ತುದಿಯಲ್ಲಿ ಬೆರಳು ಹೋಗುವಷ್ಟು ಕುಣಿಕೆ ಇದೆ. ಇನ್ನೊಂದು ಎಳೆಯ ತುದಿಯಲ್ಲಿ ಬರೀ ಒಂದು ಗಂಟು, ಗಂಟಿನಾಚೆ ಬಾಲದ ಹಾಗೆ ಬಿಡಿಸಿದ ನಾರು. ಕುಣಿಕೆ ನಡುಬೆರಳಿಗೆ, ಗಂಟು ಹೆಬ್ಬೆರಳ ಕೆಳಗೆ. ಬೀಸಿ, ಹೆಬ್ಬೆರಳು ಸಡಿಲಿಸಿದರೆ ಕಲ್ಲು ಹೋಯಿತು, ಕವಣೆ ಕೈಯಲ್ಲೇ ಉಳಿಯಿತು. ಕುಣಿಕೆಯ ಒಳಮೈ ಸವೆದು ನುಣ್ಣಗೆ, ಕರಿ ಬಣ್ಣಕ್ಕೆ ತಿರುಗಿತ್ತು. ಒಬ್ಬರದೇ ಬೆರಳು ಎಷ್ಟೋ ಸುಗ್ಗಿ ಉಜ್ಜಿದ್ದರಿಂದ ಆದ ಬಣ್ಣ ಅದು.

ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು ಆರಿಸಿ ದೊಡ್ಡಪ್ಪ ತೋಟದ ಬದುವಿನ ಮೇಲೆ ನಿಂತರು. ಸುತ್ತ ಯಾರೂ ಇಲ್ಲ ಅಂತ ಎರಡು ಸಲ ನೋಡಿ, ನಮ್ಮಿಬ್ಬರನ್ನೂ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿಸಿದರು. ಸಿನಿಮಾದಲ್ಲಿ ತೋರಿಸುವ ಹಾಗೆ ಗಿರಗಿರ ತಿರುಗಿಸಲಿಲ್ಲ. ಒಂದೇ ಸುತ್ತು. ಆಮೇಲೆ ಛಟ್ ಅಂತ ಚಾಟಿ ಹೊಡೆದ ಸದ್ದು. ಕಲ್ಲು ನನ್ನ ಕಣ್ಣಿಗೆ ಕಾಣಲೇ ಇಲ್ಲ. ತೋಟದಾಚೆಯ ಕಟ್ಟೆಯ ಹತ್ತಿರ ಧೂಳು ಎದ್ದಾಗಲೇ ಅದು ಎಲ್ಲಿ ಬಿತ್ತು ಅಂತ ಗೊತ್ತಾದದ್ದು.

ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ 30 ಅಡಿ. ಪುಸ್ತಕದ ಪ್ರಕಾರ ಕವಣೆಯ ಸಲೀಸು ದೂರ ಅಂದರೆ ಒಂದು ತೆಂಗಿನ ಮರದಿಂದ ಪಕ್ಕದ ಮರ! ಕಷ್ಟದ ದೂರ ಅಂದರೆ ಐದನೇ ಮರ. ದೊಡ್ಡಪ್ಪನ ಕಲ್ಲು ಬಿದ್ದದ್ದು ಹದಿನಾಲ್ಕನೇ ಮರ ದಾಟಿ. ರಾತ್ರಿ ಕೂತು ಲೆಕ್ಕ ಹಾಕಿದೆ. 120 ಮೀಟರ್ ಹತ್ತಿರ ಹೋಗಬೇಕಾದರೆ, ಗಾಳಿಯ ತಡೆ ಬಿಟ್ಟರೂ, ಕಲ್ಲು ಗಂಟೆಗೆ 120 ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಕೈ ಬಿಟ್ಟಿರಬೇಕು. ಕ್ರಿಕೆಟ್ ಚೆಂಡಿನ ಅರ್ಧ ತೂಕದ ಕಲ್ಲು, ಮಧ್ಯಮ ವೇಗದ ಬೌಲರ್ ಹಾಕುವ ವೇಗ, ಎಪ್ಪತ್ತು ದಾಟಿದ ತೋಳು. ಕವಣೆ ಮಾಡುವುದು ಇಷ್ಟೇ: ಕೈಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ಕೈ ಉದ್ದವಾದರೆ ತುದಿಯ ವೇಗ ಹೆಚ್ಚುತ್ತದೆ, ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುತ್ತದೆ. ದೂರದ ಮಾತಿಗೆ ಬಂದರೆ ನಮ್ಮ ತೋಟ ಏನೂ ಅಲ್ಲ. 1981ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಲ್ಯಾರಿ ಬ್ರೇ ಎಂಬಾತ 52 ಗ್ರಾಂ ತೂಕದ ಕಲ್ಲನ್ನು ಕವಣೆಯಲ್ಲಿ 437 ಮೀಟರ್ ಎಸೆದು ಗಿನ್ನೆಸ್ ದಾಖಲೆ ಮಾಡಿದ್ದರು.

ಇಷ್ಟು ನೋಡಿದ ಮೇಲೆ ಪುಸ್ತಕದವರು ಅನ್ಯಾಯ ಮಾಡಿದ್ದಾರೆ ಎಂದು ತೀರ್ಮಾನಿಸಿ, ನಾಲ್ಕು ಮುಖದ ದಾಳದ ಬದಲು ಎಂಟು ಮುಖದ್ದು ಕೊಡೋಣ ಅಂತ ಹೊರಟಿದ್ದೆ. ಮಾರನೇ ದಿನ ಬೆಳಗ್ಗೆ ಆ ಯೋಚನೆ ಬಿಟ್ಟೆ.

ಒಂದು ಹಳೇ ಎಣ್ಣೆ ಡಬ್ಬವನ್ನು ಬೇಲಿ ಕಂಬದ ಮೇಲಿಟ್ಟು ದೊಡ್ಡಪ್ಪನಿಗೆ ಹೊಡೆಯಲು ಹೇಳಿದೆ. ಒಂದು ಮರದ ದೂರದಲ್ಲಿ ಮೂರಕ್ಕೆ ಎರಡು ಕಲ್ಲು ಡಬ್ಬಕ್ಕೆ ಬಿತ್ತು. ಐದನೇ ಮರದಿಂದ ಹೊಡೆದಾಗ ಕಲ್ಲುಗಳೆಲ್ಲ ಡಬ್ಬದ ಅಕ್ಕಪಕ್ಕ ಹಾದುಹೋದವು, ಒಂದೂ ತಾಗಲಿಲ್ಲ. "ಡಬ್ಬಕ್ಕೆ ಹೊಡೆಯೋದಕ್ಕೆ ಇದನ್ನ ಯಾರಪ್ಪ ಮಾಡ್ತಾರೆ?" ಅಂದರು ದೊಡ್ಡಪ್ಪ. ಪುಸ್ತಕದ 30 ಅಡಿ, 120 ಅಡಿ ಬರೆದವರು ಕಲ್ಲು ಎಲ್ಲಿವರೆಗೆ ಹಾರುತ್ತದೆ ಅಂತ ಬರೆದಿರಲಿಲ್ಲ. ಓಡಾಡುವ ಒಬ್ಬ ಮನುಷ್ಯನಿಗೆ ಎಲ್ಲಿವರೆಗೆ ತಗುಲಿಸಬಹುದು ಅಂತ ಬರೆದಿದ್ದರು. ಆ ಲೆಕ್ಕ ನಮ್ಮ ತೋಟದಲ್ಲೇ ಸರಿಹೋಯಿತು.

ಪೆಟ್ಟೂ ಅಷ್ಟೇ. ಅದೇ ಆಟದಲ್ಲಿ ಯುದ್ಧ ಕಲಿಯದ ಒಬ್ಬ ಸಾಮಾನ್ಯ ಊರವನ ಪ್ರಾಣಶಕ್ತಿ 4. ನಾಲ್ಕು ಮುಖದ ದಾಳದಲ್ಲಿ ನಾಲ್ಕು ಬಿದ್ದರೆ ಅವನು ನೆಲಕ್ಕೆ ಬೀಳುತ್ತಾನೆ. ಎಸೆಯುವ ಪಾತ್ರದ ಕೈಚಳಕಕ್ಕೆ ಸಿಗುವ ಅಂಕ ಎರಡು ಸೇರಿದರೆ ದಾಳದಲ್ಲಿ ಎರಡು ಬಿದ್ದರೂ ಸಾಕು. ನಿಂಬೆಹಣ್ಣಿನಷ್ಟು ಕಲ್ಲು ತಲೆಗೆ ಬಿದ್ದರೆ ಮನುಷ್ಯನಿಗೆ ಆಗುವುದೂ ಅದೇ. ನಾಲ್ಕು ಅನ್ನುವುದು ನಮಗೆ ಸಣ್ಣದಾಗಿ ಕಾಣುವುದು ಹತ್ತು ವರ್ಷ ರಾಕ್ಷಸರ ಜೊತೆ ಗುದ್ದಾಡಿದ ವೀರರ ಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ.

ಹಾಗಾದರೆ ಕೆಂಚಿಯ ಕವಣೆಯಲ್ಲಿ ಏನು ಕಳೆದುಹೋಗಿತ್ತು? ಅದು ಗೊತ್ತಾದದ್ದು ನಾನೇ ಬೀಸಿದಾಗ.

ಮೊದಲ ಕಲ್ಲಿನಲ್ಲಿ ಹೆಬ್ಬೆರಳು ತಡವಾಗಿ ಬಿಟ್ಟೆ. ಕಲ್ಲು ಮುಂದೆ ಹೋಗುವ ಬದಲು ಎಡಕ್ಕೆ ಹೋಗಿ ಪಕ್ಕದ ಮನೆಯ ಕೊಟ್ಟಿಗೆಯ ಹೆಂಚಿಗೆ ಬಡಿಯಿತು. ಎರಡು ಹೆಂಚು ಹೋಯಿತು. ಒಳಗೆ ಹಸು ಕಟ್ಟಿತ್ತು. ಅದರ ಮೇಲೆ ಚೂರು ಬೀಳಲಿಲ್ಲ ಅನ್ನುವುದೊಂದೇ ಸಮಾಧಾನ. ಹೋಗಿ ಕೈ ಮುಗಿದು, ಸಂಜೆಯೊಳಗೆ ಹೆಂಚು ತಂದು ಹಾಕಿಸಿದೆ. ಎದೆ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು. ನಮ್ಮ ಆಟದಲ್ಲಿ ಎಷ್ಟು ಸಾವಿರ ಬಾಣ, ಎಷ್ಟು ಸಾವಿರ ಈಟಿ ಗುರಿ ತಪ್ಪಿವೆಯೋ. ಒಂದು ಸಲವೂ ನಾನು ಅದು ಎಲ್ಲಿ ಬಿತ್ತು ಅಂತ ಕೇಳಿರಲಿಲ್ಲ. "ತಪ್ಪಿತು, ಮುಂದಿನವರು" ಅನ್ನುವುದು, ಅಷ್ಟೇ. ತಪ್ಪಿದ ಕಲ್ಲು ಗಾಳಿಯಲ್ಲಿ ಕರಗಿಹೋಗುತ್ತಿತ್ತು. ನಿಜದಲ್ಲಿ ಬಿಟ್ಟ ಕಲ್ಲಿಗೆ ಬೀಳುವ ಜಾಗ ಒಂದು ಇದ್ದೇ ಇರುತ್ತದೆ, ಅಲ್ಲಿ ಯಾರದೋ ಹಸು ಇರುತ್ತದೆ.

ಅದಕ್ಕೇ ನಾನು ಬರೆದ ಮೊದಲ ನಿಯಮ ತಪ್ಪಿದ ಕಲ್ಲಿನದು. 20 ಮುಖದ ದಾಳದಲ್ಲಿ ಒಂದು ಬಿದ್ದರೆ ಎಸೆದವರ ಬಲಗಡೆ ಕೂತ ಆಟಗಾರ ಆ ವಸ್ತು ಎಲ್ಲಿ ಬಿತ್ತು ಅಂತ ಹೇಳಬೇಕು. ಸುಮ್ಮನೆ ಶಿಕ್ಷೆ ಕೊಡುವ ಹಾಗಿಲ್ಲ, ಆ ಜಾಗದಲ್ಲಿ ಮೊದಲೇ ಇದ್ದ ಒಂದು ವಸ್ತುವನ್ನೋ ಜೀವವನ್ನೋ ಹೆಸರಿಸಬೇಕು. ಈ ಒಂದು ನಿಯಮದಿಂದ ನಮ್ಮ ಮೇಜಿನಲ್ಲಿ ಸಂತೆಯ ನಡುವೆ ಬಾಣ ಬಿಡುವುದು ನಿಂತೇಹೋಗಿದೆ.

ಕವಣೆಯ ಬಗ್ಗೆ ಓದುತ್ತಾ ಹೋದಾಗ ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಆಯುಧಗಳ ವಿಂಗಡಣೆ ಸಿಕ್ಕಿತು. ಯಂತ್ರದಿಂದ ಬಿಡುವುದು ಯಂತ್ರಮುಕ್ತ, ಕೈಯಿಂದ ಎಸೆಯುವುದು ಪಾಣಿಮುಕ್ತ, ಬಿಟ್ಟು ಮತ್ತೆ ಹಿಡಿಯುವುದು ಮುಕ್ತಸಂಧಾರಿತ, ಕೈ ಬಿಡದ ಖಡ್ಗದಂಥದ್ದು ಅಮುಕ್ತ, ಕೊನೆಗೆ ಬರಿಗೈ ಕಾಳಗ. ಬಿಲ್ಲನ್ನೂ ಕ್ಷೇಪಣಿಯನ್ನೂ, ಅಂದರೆ ನಮ್ಮ ಕವಣೆಯನ್ನೂ, ಒಂದೇ ಸಾಲಿನಲ್ಲಿ ಯಂತ್ರಮುಕ್ತ ಎಂದು ಇಟ್ಟಿದ್ದಾರೆ. ನನಗೆ ಇದು ತುಂಬಾ ಹಿಡಿಸಿತು. ಎಷ್ಟು ಪೆಟ್ಟು ಅಂತ ಅಲ್ಲಿ ಯಾರೂ ಅಳೆಯುತ್ತಿಲ್ಲ. ವಸ್ತು ಕೈ ಬಿಟ್ಟಿತೋ ಇಲ್ಲವೋ, ಬಿಟ್ಟರೆ ಹೇಗೆ, ಮತ್ತೆ ಸಿಗುತ್ತದೋ ಎಂದು ಕೇಳುತ್ತಿದ್ದಾರೆ. ಎಸೆಯುವ ಆಯುಧವನ್ನು ಆಟಕ್ಕೆ ತರುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ ಅಂತ ನನ್ನ ನಂಬಿಕೆ. ಎಸೆಯುವ ಮುಂಚೆ ಏನು ಬೇಕು, ಎಸೆದ ಮೇಲೆ ಕೈಯಲ್ಲಿ ಏನು ಉಳಿಯಿತು. ಪೆಟ್ಟಿನ ದಾಳ ಆಮೇಲಿನ ಮಾತು.

ಬಿಲ್ಲಿಗೂ ಕವಣೆಗೂ ಅಲ್ಲಿ ಸಮಾನ ಸ್ಥಾನ ಇದ್ದರೂ ಬೇರೆ ಕಡೆ ಹಾಗಿಲ್ಲ. ಆಟದ ಪುಸ್ತಕದಲ್ಲಿ ಕವಣೆಗೆ ಒಂದು ಬೆಳ್ಳಿ, ದೊಡ್ಡ ಬಿಲ್ಲಿಗೆ 50 ಚಿನ್ನ. ಹತ್ತು ಬೆಳ್ಳಿಗೆ ಒಂದು ಚಿನ್ನವಾದ್ದರಿಂದ ಒಂದು ಬಿಲ್ಲಿನ ಬೆಲೆಗೆ 500 ಕವಣೆ. ನಮ್ಮ ಕಡೂರು, ಅರಸೀಕೆರೆ, ಬೇಲೂರು ಸೀಮೆಯ ವೀರಗಲ್ಲುಗಳಲ್ಲೂ ಇದೇ. ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ತುರುಗಾಳಗದಲ್ಲಿ ಕಾದಾಡಿ ಸತ್ತವರ ಕಲ್ಲುಗಳವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ನಾನು ನಿಂತು ನೋಡಿದ ಕಲ್ಲುಗಳಲ್ಲಿ ಬಿಲ್ಲಿದೆ, ಕತ್ತಿ ಗುರಾಣಿ ಇದೆ, ಕಠಾರಿ ಇದೆ. ಕವಣೆ ಹಿಡಿದ ಒಬ್ಬನೂ ಕಣ್ಣಿಗೆ ಬಿದ್ದಿಲ್ಲ. ದನ ಕಾಯುವವನ ಕೈಯಲ್ಲಿ ಅವತ್ತು ಇನ್ನೇನು ಇದ್ದಿರಬಹುದು?

ಪರದೇಶದಲ್ಲಿ ಕವಣೆಗಾರರಿಗೆ ಒಂದಷ್ಟು ಗೌರವ ಸಿಕ್ಕಿದೆ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ಒಳಗೆ ಸಿಕ್ಕಿಬಿದ್ದ ಗ್ರೀಕ್ ಸೈನ್ಯದ ಜೊತೆಗಿದ್ದ ಕ್ಸೆನಫನ್ ಬರೆದಿಟ್ಟಿದ್ದಾನೆ. ಪರ್ಷಿಯದವರು ಮುಷ್ಟಿ ತುಂಬುವ ಕಲ್ಲು ಬಳಸುತ್ತಿದ್ದರು. ಗ್ರೀಕ್ ಸೈನ್ಯದೊಳಗಿನ ರೋಡ್ಸ್ ದ್ವೀಪದವರಿಗೆ ಸೀಸದ ಗುಂಡು ಬಳಸಿ ಗೊತ್ತಿತ್ತು. ಅವರ ಗುಂಡು ಪರ್ಷಿಯದವರ ಕಲ್ಲಿಗಿಂತ ಇಮ್ಮಡಿ ದೂರ ಹೋಗುತ್ತಿತ್ತು. ಸೀಸ ಸಣ್ಣದಾಗಿದ್ದೂ ಭಾರ, ಗಾಳಿಗೆ ಸಿಗುವ ಮೈ ಕಡಿಮೆ. ಕವಣೆ ಅದೇ, ಕೈ ಅದೇ, ಗುಂಡು ಬದಲಾಗಿದ್ದಕ್ಕೆ ದೂರ ಬದಲಾಯಿತು. ಆ ಕಾಲದ ಗ್ರೀಕರ ಒಂದು ಸೀಸದ ಗುಂಡು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಒಂದು ಮೈಮೇಲೆ ರೆಕ್ಕೆಯ ಸಿಡಿಲು, ಇನ್ನೊಂದು ಮೈಮೇಲೆ ಒಂದು ಪದ. ಅರ್ಥ "ತಗೋ". ಗೋಲಿ ಆಡುವಾಗ ನಾವು ಎದುರಾಳಿಯ ಗೋಲಿಗೆ ಗುರಿಯಿಟ್ಟು ಹೇಳುತ್ತಿದ್ದ ಅದೇ ಮಾತು!

ಹಾಗಾಗಿ ಎರಡನೇ ನಿಯಮ ಕಲ್ಲಿನದು. ದಾರಿಯಲ್ಲಿ ಸಿಕ್ಕಿದ್ದನ್ನು ಎತ್ತಿ ಹೊಡೆದರೆ ದೂರ ಅರ್ಧ. ಹಳ್ಳದಲ್ಲಿ ಕೂತು ಹತ್ತು ನಿಮಿಷ ಆರಿಸಿದ ದುಂಡನೆ ಕಲ್ಲಿಗೆ ಪುಸ್ತಕದ ದೂರ. ಸೀಸದ ಗುಂಡಿಗೆ ಇಮ್ಮಡಿ ದೂರ, ಆದರೆ ಪ್ರತಿ ಗುಂಡಿನ ಲೆಕ್ಕ ಇಡಬೇಕು. ಪುಸ್ತಕ ಕವಣೆಗೆ 20 ಗುಂಡುಗಳನ್ನು 4 ತಾಮ್ರದ ನಾಣ್ಯಕ್ಕೆ ಕೊಡುತ್ತದೆ. ನಾನು ಅಂಗಡಿಯ ಗುಂಡನ್ನೇ ತೆಗೆದುಹಾಕಿದೆ. ಕಲ್ಲು ಆರಿಸುವ ಹತ್ತು ನಿಮಿಷದಲ್ಲಿ ಪಾತ್ರಗಳು ಮಾತಾಡುತ್ತವೆ, ನಮ್ಮ ಆಟದ ಒಳ್ಳೊಳ್ಳೆಯ ಮಾತುಕತೆಗಳು ಹುಟ್ಟಿದ್ದು ಹಳ್ಳದ ದಂಡೆಯಲ್ಲಿ.

ಮೂರನೆಯದು ಜಾಗ. ಬೀಸಲು ಸುತ್ತ 5 ಅಡಿ ಖಾಲಿ ಇರಬೇಕು, ಇಲ್ಲದಿದ್ದರೆ ಹಿನ್ನಡೆ. ಕಾಫಿ ತೋಟದೊಳಗೆ, ಗವಿಯ ಓಣಿಯಲ್ಲಿ ಕವಣೆ ಕೆಲಸ ಮಾಡುವುದಿಲ್ಲ. ಮಲೆನಾಡಿನ ಹುಡುಗರ ಕೈಯಲ್ಲಿ ಕ್ಯಾಟರ್‌ಬಿಲ್ಲು ಇರುವುದಕ್ಕೂ ಬಯಲುಸೀಮೆಯ ಕುರುಬರ ಕೈಯಲ್ಲಿ ಕವಣೆ ಇರುವುದಕ್ಕೂ ಇದೇ ಕಾರಣ ಇರಬೇಕು ಅಂತ ನನಗನ್ನಿಸುತ್ತದೆ. ಒಂದಕ್ಕೆ ಎರಡು ಕೊಂಬೆಯ ನಡುವಿನ ಸಂದು ಸಾಕು, ಇನ್ನೊಂದಕ್ಕೆ ಬಯಲೇ ಬೇಕು.

ನಾಲ್ಕನೆಯದೇ ಮುಖ್ಯ. ಅದು ದೊಡ್ಡಪ್ಪನ ಮಾತಿನಿಂದ ಬಂದದ್ದು. ಅವತ್ತು ಸಂಜೆ ಜಗಲಿಯ ಮೇಲೆ ಕೂತು, ಎಷ್ಟು ಗಿಳಿ ಹೊಡೆದಿರಬಹುದು ದೊಡ್ಡಪ್ಪ ನೀವು ಅಂತ ಕೇಳಿದೆ.

"ಒಂದೂ ಇಲ್ಲ ಕಣಪ್ಪ" ಅಂದರು. "ಗಿಳಿ ಸಾಯಿಸಿ ಏನು ಮಾಡೋದು? ಎಬ್ಬಿಸಬೇಕು. ಕಲ್ಲು ಅವುಗಳ ಆಚೆ ಬೀಳಬೇಕು. ಈಚೆ ಬಿದ್ದರೆ ನಮ್ಮ ಹೊಲದೊಳಕ್ಕೇ ಇನ್ನೂ ಹೋಗ್ತವೆ. ಕುರೀನೂ ಹಂಗೇ. ಯಾವ ಕಡೆಗೆ ಹೋಗಬಾರದೋ ಆ ಕಡೆಗೆ ಕಲ್ಲು."

ಆ ಛಟ್ ಸದ್ದು ಕೂಡ ಸುಮ್ಮನೆ ಅಲ್ಲವಂತೆ. ಬಾಲದ ನಾರನ್ನು ಬಿಡಿಸಿಟ್ಟಿರುವುದೇ ಆ ಸದ್ದಿಗೆ. ಕೆಲವು ಸಲ ಕಲ್ಲೇ ಬೇಕಾಗುವುದಿಲ್ಲ, ಖಾಲಿ ಬೀಸಿದರೂ ಹಿಂಡು ಏಳುತ್ತದೆ. ಸುಗ್ಗಿ ಮುಗಿಯುವಷ್ಟರಲ್ಲಿ ಹಕ್ಕಿಗಳಿಗೆ ಅವರ ಸದ್ದು ಗುರುತಾಗಿರುತ್ತಿತ್ತಂತೆ.

ಒಬ್ಬ ಮನುಷ್ಯನ ಮೇಲೆ ಗುರಿಯಿಟ್ಟು ನೋಡಿದ್ದರಿಂದಲೇ ನನಗೆ ಕವಣೆ ಸಣ್ಣದಾಗಿ ಕಂಡಿತ್ತು. ಐದನೇ ಮರದ ದೂರದಲ್ಲಿ ಡಬ್ಬಕ್ಕೆ ತಾಗದ ಕಲ್ಲುಗಳು, ಅಲ್ಲಿ ಒಂದು ಹಿಂಡು ಕೂತಿದ್ದರೆ ಅಷ್ಟನ್ನೂ ಎಬ್ಬಿಸುತ್ತಿದ್ದವು. ಆ ರಾತ್ರಿಯೇ ಬರೆದೆ. "ಎಬ್ಬಿಸು": 120 ಅಡಿಯೊಳಗಿನ ಯಾವುದೇ ಗುಂಪಿನ ಆಚೆಗೋ ಈಚೆಗೋ ಪಕ್ಕಕ್ಕೋ ಕಲ್ಲು ಬೀಳಿಸಬಹುದು. ಪೆಟ್ಟಿಲ್ಲ. ಗುಂಪು ಧೃತಿಯ ಪರೀಕ್ಷೆಗೆ, ಅಂದರೆ ಹೆದರದೆ ನಿಲ್ಲುತ್ತದೋ ಎಂದು ನೋಡಲು, 20 ಮುಖದ ದಾಳ ಉರುಳಿಸಬೇಕು. ಸೋತರೆ ಆ ಸುತ್ತಿನಲ್ಲಿ ಕಲ್ಲು ಬಿದ್ದ ಕಡೆಗೆ ಬೆನ್ನು ಹಾಕಿ ಸರಿಯಬೇಕು. ಗೆಲ್ಲಲು ಮುಟ್ಟಬೇಕಾದ ಮಟ್ಟ 8, ಅದಕ್ಕೆ ಎಸೆಯುವವರ ಕೈಚಳಕದ ಅಂಕ, ಕವಣೆಯಲ್ಲಿ ಪಳಗಿದ್ದರೆ ಅದರ ಅಂಕ ಕೂಡಿಸಬೇಕು. ದನ, ಕುರಿ, ಕುದುರೆ, ಹಕ್ಕಿಗಳಿಗೆ ಹಿನ್ನಡೆ. ಇಷ್ಟೇ ನಿಯಮ. ಕವಣೆಯ ನಾಲ್ಕು ಮುಖದ ದಾಳವನ್ನು ಮುಟ್ಟಲಿಲ್ಲ.

ಅದೇ ರಜೆಯಲ್ಲಿ ಅಯ್ಯನಕೆರೆಗೂ ಹೋಗಿದ್ದೆವು. ಶಕುನಗಿರಿ ಬೆಟ್ಟದ ಬುಡದಲ್ಲಿ ಕೆರೆ ತುಂಬಿ ನಿಂತಿತ್ತು. ಒಬ್ಬರು ಮೊಣಕಾಲು ನೀರಿನಲ್ಲಿ ನಿಂತು ಬೀಸುಬಲೆ ಹಾಕುತ್ತಿದ್ದರು. ಬಲೆಯ ಒಂದಷ್ಟು ಭಾಗ ಎಡ ಮೊಣಕೈ ಮೇಲೆ, ಇನ್ನೊಂದಷ್ಟು ಬಲಗೈಯಲ್ಲಿ, ಅಂಚಿಗೆ ಸಾಲಾಗಿ ಸೀಸದ ಗುಂಡು. ಸೊಂಟದಿಂದ ಮೈ ತಿರುಗಿಸಿ ಬಿಟ್ಟರೆ ಗಾಳಿಯಲ್ಲಿ ಅದು ಗುಂಡಗೆ ಅರಳಿ, ಇಡೀ ಅಂಚು ಒಟ್ಟಿಗೆ ನೀರಿಗೆ ಬೀಳುತ್ತದೆ. ಸೀಸದ ಗುಂಡುಗಳಿಂದಲೇ ಆ ಅರಳುವಿಕೆ. ಅಂಚು ಭಾರವಾಗಿದ್ದರಿಂದ ತಿರುಗುವಾಗ ಹೊರಕ್ಕೆ ಎಳೆದುಕೊಂಡು ಬಲೆಯನ್ನು ಬಿಡಿಸುತ್ತದೆ. ಅವರು ಆ ಬಲೆ ಹಾಕಿದ್ದು ತಮ್ಮಿಂದ ಹತ್ತು ಹದಿನೈದು ಅಡಿ ಆಚೆಗೆ.

ನಮ್ಮ ಪುಸ್ತಕದಲ್ಲಿ ಬಲೆ ಇದೆ. ಸಲೀಸು ದೂರ 5 ಅಡಿ, ಕಷ್ಟದ ದೂರ 15. ಶತ್ರು 5 ಅಡಿಯೊಳಗೆ ಇದ್ದರೆ ದೂರದ ಆಯುಧಗಳಿಗೆಲ್ಲ ಹಿನ್ನಡೆ ಅಂತ ಇನ್ನೊಂದು ನಿಯಮ ಬೇರೆ ಇದೆ. ಎರಡನ್ನೂ ಸೇರಿಸಿ ಓದಿ: ಹತ್ತಿರವಿದ್ದರೂ ಹಿನ್ನಡೆ, ದೂರವಿದ್ದರೂ ಹಿನ್ನಡೆ. ಬಲೆ ಹಿಡಿದವನಿಗೆ ನೆಟ್ಟಗೆ ಎಸೆಯುವ ಜಾಗವೇ ಇಲ್ಲ. ಆಯುಧವನ್ನು ಸಂಖ್ಯೆಯಿಂದ ಶುರುಮಾಡಿದರೆ ಹೀಗಾಗುತ್ತದೆ. ಬಲೆ ಹಾಕುವವರನ್ನು ಒಂದು ಬೆಳಗ್ಗೆ ನಿಂತು ನೋಡಿದ್ದರೆ ಇದನ್ನು ಹೀಗೆ ಬರೆಯುತ್ತಿರಲಿಲ್ಲ. 2024ರ ಹೊಸ ಆವೃತ್ತಿಯಲ್ಲಿ ಇದನ್ನು ತಿದ್ದಿದ್ದಾರೆ. ಈಗ ಎಸೆಯುವವನು ದಾಳ ಉರುಳಿಸುವುದಿಲ್ಲ, 15 ಅಡಿಯೊಳಗಿನ ಎದುರಾಳಿ ತಪ್ಪಿಸಿಕೊಳ್ಳಲು ಉರುಳಿಸಬೇಕು. ಇದು ಸರಿಯಾದ ದಿಕ್ಕು. ನಾನು ಅದಕ್ಕೆ ಒಂದನ್ನು ಸೇರಿಸಿದ್ದೇನೆ. ಎಸೆದ ಬಲೆಯನ್ನು ಎಳೆದು, ಒದರಿ, ಮತ್ತೆ ಮೊಣಕೈ ಮೇಲೆ ಮಡಚಿಕೊಳ್ಳಲು ಎರಡು ಸುತ್ತು ಬೇಕು. ಕೆರೆಯಲ್ಲಿ ಅವರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಚಕ್ರದ ಬಗ್ಗೆ ಹೆಚ್ಚು ಹೇಳಲಾರೆ. ಬೇಲೂರು ನೋಡಿ ಬಂದ ಆಟಗಾರರೆಲ್ಲ ಚಕ್ರ ಕೇಳುತ್ತಾರೆ, ಎಸೆದರೆ ಕೈಗೆ ವಾಪಸ್ ಬರಬೇಕು ಅನ್ನುತ್ತಾರೆ. ಅದು ದೇವರ ಚಕ್ರ. ಮನುಷ್ಯರು ಬಳಸಿದ ಚಕ್ರ, ಸಿಖ್ಖರಲ್ಲಿ ನಿಹಂಗರು ಪೇಟಕ್ಕೆ ಸುತ್ತಿಕೊಳ್ಳುವ ಹೊರ ಅಂಚು ಹರಿತವಾದ ಉಕ್ಕಿನ ಬಳೆ, ಹೋದರೆ ಹೋಯಿತು. ಅದಕ್ಕೇ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿದ್ದರು. ಬೂಮರಾಂಗ್ ಕೂಡ ಅಷ್ಟೇ. ನಮ್ಮ ಪತ್ರಿಕೆಗಳಲ್ಲಿ ದಿನವೂ ಯಾರದೋ ಹೇಳಿಕೆ ತಿರುಗುಬಾಣ ಆಗುತ್ತಿರುತ್ತದೆ. ಆದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ದೊಡ್ಡ ಬೇಟೆಗೆ ಬಳಸುತ್ತಿದ್ದ ಭಾರದ ಬೂಮರಾಂಗ್ ತಿರುಗಿ ಬರುವಂಥದ್ದಲ್ಲ, ನೇರ ಹೋಗಿ ಬಡಿಯುವಂಥದ್ದು. ಎಸೆದದ್ದು ತಿರುಗಿ ಬರುತ್ತದೆ ಅಂತಾದರೆ ಎಸೆಯುವುದರ ಅರ್ಧ ಭಾರ ಹೋಗಿಬಿಡುತ್ತದೆ. ನಮ್ಮ ಮೇಜಿನಲ್ಲಿ ಮಂತ್ರ ಹಾಕಿದ ಆಯುಧ ಬಿಟ್ಟು ಬೇರೆ ಯಾವುದೂ ತಿರುಗಿ ಬರುವುದಿಲ್ಲ.

ಬುಗುರಿಯ ಬಗ್ಗೆ ಮಾತ್ರ ಗೆಳೆಯನೊಬ್ಬನ ಜೊತೆ ಒಂದು ಗಂಟೆ ವಾದ ಆಯಿತು. ಅವನ ಪಾತ್ರ ಒಬ್ಬ ಕಳ್ಳ ಹುಡುಗ. "ಮಾರಾಯ, ಮೊಳೆ ಇರ್ತದೆ, ಚಾಟಿ ಸುತ್ತಿ ಹೊಡೆದ್ರೆ ಇನ್ನೊಂದು ಬುಗುರಿ ಸೀಳ್ತದೆ. ಆಯುಧ ಅಲ್ವಾ?" ಅವನು ಹೇಳಿದ್ದು ಸುಳ್ಳಲ್ಲ. ಗುನ್ನ ಬಿದ್ದ ಬುಗುರಿ ಹಿಡಿದು ಅತ್ತವರಲ್ಲಿ ನಾನೂ ಒಬ್ಬ. ಆದರೆ ಬುಗುರಿಯ ಸೊಗಸು ಬಿದ್ದ ಮೇಲೆ ಶುರುವಾಗುತ್ತದೆ, ನಿಂತಲ್ಲೇ ನಿದ್ದೆ ಹೋದ ಹಾಗೆ ತಿರುಗುವುದರಲ್ಲಿ. ಪೆಟ್ಟು ಒಂದು ಅಂತ ಕೊಟ್ಟೆ. ಕಲ್ಲು ನೆಲದ ಮೇಲೆ ಬಿಟ್ಟರೆ ಒಂದು ನಿಮಿಷ ಗುಂಯ್‌ಗುಟ್ಟುತ್ತದೆ, ಕಾವಲುಗಾರ ಅದನ್ನು ನೋಡದೆ ಇರಲಾರ ಅಂತ ಸೇರಿಸಿದೆ. ಮುಂದಿನ ವಾರವೇ ಅವನು ಆ ಬುಗುರಿಯಿಂದ ಒಂದು ಅರಮನೆಯ ಉಗ್ರಾಣ ಖಾಲಿ ಮಾಡಿದ.

ಕೆಂಚಿಯ ಸರದಿ ಬಂದದ್ದು ಕಾರ್ತಿಕದಲ್ಲಿ. ನಮ್ಮ ಕತೆಯಲ್ಲಿ ಅವತ್ತು ತುರುಗಾಳಗ. ಹನ್ನೆರಡು ಮಂದಿ ಕುದುರೆ ಸವಾರರು ಊರಿನ ನಲವತ್ತು ದನ ಹೊಡೆದುಕೊಂಡು ಬಯಲಿನಲ್ಲಿ ಹೋಗುತ್ತಿದ್ದಾರೆ. ನಮ್ಮವರು ಐದು ಜನ, ಅದರಲ್ಲಿ ಇಬ್ಬರಿಗೆ ಆಗಲೇ ಗಾಯ. ಹುಣಸೆ ಬೀಜ ಮೇಜಿನ ಆ ತುದಿ ಮುಟ್ಟಿದ್ದವು. ಬಿಲ್ಲು ಹಿಡಿದವನು ಒಬ್ಬ ಸವಾರನನ್ನು ಕೆಡವಿದ. ಇನ್ನೂ ಹನ್ನೊಂದು. ಎಲ್ಲರೂ ಸೋತೆವು ಅಂತಲೇ ಕೂತಿದ್ದರು.

ಹುಡುಗಿ ಹಾಳೆಯ ಮೇಲೆ ಬಗ್ಗಿ, ಬೆರಳಲ್ಲಿ ಚೌಕ ಎಣಿಸಿದಳು. "ಸವಾರರಿಗೆ ಹೊಡೆಯಲ್ಲ ಮಾವ. ದನಗಳ ಮುಂದಕ್ಕೆ ಹೊಡೀತೀನಿ. ಮುಂದಿನ ಹಸುವಿನ ಆಚೆ."

ಧೃತಿಯ ಪರೀಕ್ಷೆ ಉರುಳಿಸಿದ್ದು ನಾನು, ದನಗಳ ಪರವಾಗಿ, ಎರಡು ದಾಳ. ಹದಿನಾಲ್ಕು ಮತ್ತು ಮೂರು. ಕಡಿಮೆಯದ್ದೇ ಲೆಕ್ಕ. ಮುಂದಿನ ಹಸು ನಿಂತಿತು, ಹಿಂದಿನವು ಅದಕ್ಕೆ ಬಡಿದವು, ನಲವತ್ತು ದನ ತಿರುಗಿ ಕುದುರೆಗಳ ನಡುವೆ ನುಗ್ಗಿದವು. ನಾನೇ ಕೈಯಾರೆ ಹುಣಸೆ ಬೀಜಗಳನ್ನು ಅತ್ತಿತ್ತ ಸರಿಸುತ್ತಿದ್ದೆ, ಮೇಜಿನ ಸುತ್ತ ಯಾರೂ ಉಸಿರಾಡುತ್ತಿರಲಿಲ್ಲ. ಇನ್ನೂ ಎರಡು ಕಲ್ಲಿಗೆ ದನ ಊರ ಕಡೆ ಓಡತೊಡಗಿದ್ದವು. ಕೆಂಚಿ ಒಬ್ಬನಿಗೂ ಒಂದು ಅಂಕದ ಪೆಟ್ಟು ಹಾಕಿರಲಿಲ್ಲ.

ಆ ರಾತ್ರಿಯೇ ದೊಡ್ಡಪ್ಪನಿಗೆ ಫೋನ್ ಮಾಡಿ ಹುಡುಗಿ ನಡೆದದ್ದೆಲ್ಲ ಹೇಳಿದಳು. ಸ್ಪೀಕರ್ ಹಾಕಿದ್ದಳು. ಆಟ, ದಾಳ, ಅಂಕ ಇವು ಅವರಿಗೆ ಎಷ್ಟು ತಿಳಿಯಿತೋ, ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಎಲ್ಲಾ ಕೇಳಿಸಿಕೊಂಡು, ಕಲ್ಲು ಮುಂದಿನ ಹಸುವಿನ ಯಾವ ಮಗ್ಗುಲಿಗೆ ಬಿತ್ತು ಅಂತ ಕೇಳಿದರು. ಎಡಕ್ಕೆ ತಾತ ಅಂದಳು.

"ಸರಿ ಮಾಡಿದ್ದಾಳೆ" ಅಂದರು. ಒಂದು ಕ್ಷಣ ಬಿಟ್ಟು, "ಸಂಕ್ರಾಂತಿಗೆ ಬಂದಾಗ ಹೊಸದೊಂದು ಹೆಣೆದು ಕೊಡ್ತೀನಿ. ಆ ಹುಡುಗಿ ಎಷ್ಟು ಎತ್ತರ? ಎಳೆ ಉದ್ದ ಆದರೆ ನೆಲಕ್ಕೆ ತಾಗ್ತದೆ."

ನಮ್ಮ ಹುಡುಗಿ ನನ್ನ ಕಡೆ ನೋಡಿದಳು. ಪಾತ್ರದ ಹಾಳೆಯಲ್ಲಿ ಕೆಂಚಿಯ ಎತ್ತರ ಅನ್ನುವ ಜಾಗ ಖಾಲಿ ಬಿಟ್ಟಿದ್ದಳು. ಪೆನ್ಸಿಲ್ ತೆಗೆದುಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತು, ನೆತ್ತಿಯ ಮೇಲೆ ಅಂಗೈ ಇಟ್ಟು ಗುರುತು ಹಾಕಿಕೊಂಡಳು.